ಮಸ್ಕತ್ತಿನ ದಾಯಾದಿ

ಮಾರಿಕಣಿವೆಯ ನೀರಾವರಿ ಕಚೇರಿಯ ಗುಮಾಸ್ತ ಚಿತ್ರಲಿಂಗಪ್ಪನವರು ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಒಂದೇ ಒಂದು ಕಾಗದವನ್ನೂ ನಂಬಿದವರಲ್ಲ. ಗುತ್ತಿಗೆದಾರರು ಬಿಲ್ಲು ತಂದರೆ ಮೂರು ರುಜು ಕೇಳುತ್ತಿದ್ದರು. ಮೂರೂ ಇದ್ದರೆ ಮೊಹರು ಕೇಳುತ್ತಿದ್ದರು. ಮೊಹರೂ ಇದ್ದರೆ ಅದು ಎಡಕ್ಕೆ ವಾಲಿದೆ ಎಂದು ವಾಪಸು ಕಳಿಸುತ್ತಿದ್ದರು. ಹೀಗೆ ಇಷ್ಟು ವರ್ಷ ಖರ್ಚಾಗದೆ ಉಳಿದ ಅವರ ನಂಬಿಕೆಯೆಲ್ಲ ನಿವೃತ್ತಿಯಾದ ತಿಂಗಳಲ್ಲೇ ಒಟ್ಟಿಗೆ ಒಬ್ಬನ ಪಾಲಾಯಿತು. ಅವನನ್ನು ಅವರು ಇವತ್ತಿನವರೆಗೆ ನೋಡಿಲ್ಲ.

ಇದು ಎರಡು ಸಾವಿರದ ಏಳನೇ ಇಸವಿಯ ಮಾತು. ಜೂನ್ ಕೊನೆಯ ಬೀಳ್ಕೊಡುಗೆಯಲ್ಲಿ ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಆದ ಮೇಲೆ ಇಂಜಿನಿಯರ್ ಸಾಹೇಬರು ಮೈಕಿನಲ್ಲೇ, "ಮುಂದೆ ಎಲ್ಲಿ ವಾಸ, ಚಿತ್ರಲಿಂಗಪ್ಪ?" ಎಂದು ಕೇಳಿಬಿಟ್ಟರು. ಹರಿಯಬ್ಬೆಯಲ್ಲಿದ್ದ ಮನೆಯ ಪಾಲು ಮಗಳ ಮದುವೆಗೆಂದು ಮಾರಿಹೋಗಿತ್ತು. ಕ್ವಾರ್ಟರ್ಸ್ ಬಿಟ್ಟರೆ ತಲೆಯ ಮೇಲೆ ಇನ್ನೊಂದು ಸೂರಿರಲಿಲ್ಲ. ಆದರೆ ಕೊರಳಲ್ಲಿ ಹಾರವಿರುವಾಗ ಮನುಷ್ಯ "ಗೊತ್ತಿಲ್ಲ" ಎನ್ನುವುದು ಹೇಗೆ?

"ದುರ್ಗದಾಗೆ ಸಾರ್. ಪೋರ್ಟಿಕೋ ಇರೋ ಮನೆ. ಎಲ್ರೂ ಬರ್ಬೇಕು" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಹೆಂಡತಿ ರಂಗಕ್ಕ ಮಾತ್ರ ತಟ್ಟಲಿಲ್ಲ. "ಯಾವ ಪೋರ್ಟಿಕೋರೀ?" ಎಂದು ಮನೆಗೆ ಬಂದ ಮೇಲೆ ಕೇಳಿದಳು.

"ನೋಡಾಣ ಇರು."

ನೋಡಲು ಹೆಚ್ಚು ದಿನವಿರಲಿಲ್ಲ. ಕ್ವಾರ್ಟರ್ಸಿಗೆ ಆಷಾಢ ಮುಗಿಯುವ ತನಕ ಗಡುವು. ಶ್ರಾವಣದ ಮೊದಲ ಸೋಮವಾರ ಅಲ್ಲಿ ಹಾಲು ಉಕ್ಕಿಸಬೇಕಾದವನು ಅವರ ಜಾಗಕ್ಕೆ ಬಂದ ಕೆಂಚಪ್ಪ. ಅವನು ಆಗಲೇ ದಿನಾ ಸಂಜೆ ಬಂದು, ಬಾಗಿಲಿನ ಅಗಲವನ್ನು ಗೇಣಿನಿಂದ ಅಳೆಯತೊಡಗಿದ್ದ.

"ಏನಿಲ್ರಿ ಅಣ್ಣ, ನಮ್ ಬೀರು ಒಳಗೆ ಹೋಗ್ತೈತೋ ಇಲ್ಲೋ ಅಂತ. ನೀವು ನಿಧಾನಕ್ಕೆ ಹೋಗ್ರಿ, ಅವಸರ ಇಲ್ಲ. ಸೋಮವಾರ ಬೆಳಿಗ್ಗೆ ಐದೂವರೆಗೆ ಹಾಲು ಅಷ್ಟೆ."

ಹಿರಿಯೂರಿನಲ್ಲಿ ಅನುಸೂಯ ಎಂಬ ವಿಧವೆಯ ಮನೆಯೊಂದು ಬಾಡಿಗೆಗಿತ್ತು. ಚಿತ್ರಲಿಂಗಪ್ಪನವರು ಗೇಟಿನ ಹೊರಗೇ ನಿಂತು ಮಾತಾಡಿ ಬಂದರು. ಆಕೆ ಕೇಳದೆಯೇ ಕಂದಾಯದ ರಸೀದಿ ತೋರಿಸಿದಳು, ಖಾತೆ ನಕಲು ತೋರಿಸಿದಳು, ಕರಾರು ಪತ್ರ ಬರೆದುಕೊಡುತ್ತೇನೆಂದಳು, ಇವರ ಗುರುತಿನ ಚೀಟಿ ಕೇಳಿದಳು.

"ಇಷ್ಟು ಕಾಗ್ದ ತೋರಿಸ್ತಾಳೆ ಅಂದ್ರೆ ಏನೋ ಐತೆ" ಎಂದು ಅವರು ರಂಗಕ್ಕನಿಗೆ ಹೇಳಿದರು. "ಸಾಚಾ ಮನ್ಷ ಯಾಕೆ ಕಾಗ್ದ ತೋರಿಸ್ತಾನೆ? ಅಲ್ದೆ ಪೋರ್ಟಿಕೋನೂ ಇಲ್ಲ."

ಗೇಟಿನ ಹೊರಗೆ ನಿಂತದ್ದಕ್ಕೆ ಕಾರಣವಿತ್ತು. ಆಷಾಢದಲ್ಲಿ ಹೊಸ ಮನೆಯ ಹೊಸ್ತಿಲು ತುಳಿಯಬಾರದು. ಈ ಬಗೆಯ ಕಾನೂನುಗಳಿಗೆಲ್ಲ ಆ ಮನೆಯ ಅಂತಿಮ ನ್ಯಾಯಾಲಯ ಅವರ ಅಕ್ಕ ಕಾಟಮ್ಮ. ಹರಿಯಬ್ಬೆಯಿಂದ ತಮ್ಮನ ಸಾಮಾನು ಕಟ್ಟಲೆಂದು ಬಂದವಳು, ಒಂದು ಚಮಚವನ್ನೂ ಕಟ್ಟದೆ ನಡುಮನೆಯಲ್ಲಿ ಕುಳಿತು ತೀರ್ಪು ಕೊಡುತ್ತಿದ್ದಳು. ಕಂಪ್ಯೂಟರಿನಲ್ಲಿ ಮನೆ ನೋಡಬಹುದೇ ಎಂಬ ಪ್ರಶ್ನೆ ಬಂದಾಗ ಆಕೆ ಸ್ವಲ್ಪ ಯೋಚಿಸಿದಳು.

"ಕಾಲು ಇಡ್ತೀಯೇನಲೇ ಅದ್ರೊಳಗೆ?"

"ಇಲ್ಲಕ್ಕ. ಕಣ್ಣಿಂದ ನೋಡದು ಅಷ್ಟೆ."

"ಹಂಗಾದ್ರೆ ದೋಷ ಇಲ್ಲ. ನೋಡು."

ಹೀಗೆ ಅವರು ಹಿರಿಯೂರಿನ ಶಿವಯ್ಯನ ಅಂಗಡಿಗೆ ಹೋದರು. ಶಿವಯ್ಯ ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದವನು. ಯಂತ್ರಗಳನ್ನು ಗುಜರಿಗೆ ಹಾಕಿ ನಾಲ್ಕು ಕಂಪ್ಯೂಟರ್ ತಂದು ಸೈಬರ್ ಸೆಂಟರ್ ಎಂದು ಬೋರ್ಡು ಹಾಕಿದ್ದ. ಆದರೆ ಕೈ ಹಳೆಯದೇ. ಯಾರಿಗೆ ಏನು ಬರೆದರೂ ಮೇಲೆ "ವಿಷಯ" ಮತ್ತು "ಉಲ್ಲೇಖ" ಇಲ್ಲದೆ ಅವನ ಬೆರಳು ಕೆಳಗಿಳಿಯುತ್ತಿರಲಿಲ್ಲ. ಮಗನಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿದವರ ಪತ್ರವೂ ಅವನ ಅಂಗಡಿಯಿಂದ "ತಮ್ಮ ವಿಧೇಯ" ಎಂದೇ ಹೊರಡುತ್ತಿತ್ತು.

ಪರದೆಯ ಮೇಲೆ ಮನೆ ಬಂತು. ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯ ಬಡಾವಣೆ, ಎರಡು ಕೋಣೆ, ತಿಳಿ ಹಸಿರು ಗೋಡೆ, ಮುಂದೆ ಪೋರ್ಟಿಕೋ. ಬಾಡಿಗೆ ಆ ಕಡೆಯ ಅರ್ಧ. ಮಾಲೀಕನ ಹೆಸರು ದುರುಗೇಶ್. ಶಿವಯ್ಯ ಬರೆದ. ಅರ್ಧ ಗಂಟೆಯಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬಂತು. ಶಿವಯ್ಯ ಕನ್ನಡ ಮಾಡಿ ಓದಿದ: ತಾನು ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದೇನೆ, ದುಡ್ಡಿನ ಆಸೆಯಿಲ್ಲ, ಮನೆಯನ್ನು ದೇವಸ್ಥಾನದಂತೆ ನೋಡಿಕೊಳ್ಳುವ ಕುಟುಂಬ ಬೇಕು, ಈಗಾಗಲೇ ನಾಲ್ಕು ಜನ ಕೇಳುತ್ತಿದ್ದಾರೆ, ನಲವತ್ತು ಸಾವಿರ ಅಡ್ವಾನ್ಸ್ ಬ್ಯಾಂಕಿಗೆ ಕಟ್ಟಿದರೆ ಬೀಗದ ಕೈ ಕೊರಿಯರಿನಲ್ಲಿ ಬರುತ್ತದೆ.

ಶಿವಯ್ಯ ಕನ್ನಡಕ ತೆಗೆದ. "ಸಾರ್, ದುರ್ಗ ಎಷ್ಟು ದೂರ ಐತೆ? ಒಂದ್ಸಲ ಹೋಗಿ ನೋಡ್ಕಂಡ್ ಬರ್ರಿ. ಖಾತೆ ಯಾರ ಹೆಸ್ರಿನಾಗೈತೆ ಕೇಳ್ರಿ. ಅಕ್ಕಪಕ್ಕದೋರನ್ನ ವಿಚಾರಿಸ್ರಿ."

"ಆಷಾಢ, ಶಿವಯ್ಯನೋರೆ."

"ಹಂಗಾದ್ರೆ ದುಡ್ಡೂ ಶ್ರಾವಣದಾಗೇ ಕಟ್ರಿ."

"ನಾಲ್ಕು ಜನ ಕೇಳ್ತಾ ಅವ್ರೆ ಅಂತ ನೀವೇ ಓದಿದ್ರಲ್ರಿ! ನಾನೇನು ಪರೀಕ್ಷೆ ಮಾಡ್ದೆ ಬಿಡ್ತೀನಾ? ಬರ್ಕಳ್ರಿ."

ಆ ಪರೀಕ್ಷೆಯೇ ಬೆಡಗು. ಒಬ್ಬನೇ ಮೂಲಪುರುಷನಿಂದ ಬಂದೆವೆಂದು ನಂಬಿರುವ ಮನೆತನಗಳನ್ನು ನಮ್ಮ ಕಡೆ ಒಂದು ಬೆಡಗು ಎನ್ನುತ್ತಾರೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ದಾಯಾದಿಗಳು. ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಒಬ್ಬರ ಮನೆಯ ಸಾವು ಇನ್ನೊಬ್ಬರಿಗೂ ಸೂತಕ. ಬೆಡಗು ಕೇಳಿದರೆ ಮನುಷ್ಯ ಬಿಚ್ಚಿದ ಪುಸ್ತಕ ಎಂಬುದು ಚಿತ್ರಲಿಂಗಪ್ಪನವರ ಸಿದ್ಧಾಂತ. ಅವರು ಬರೆಸಿದ್ದು ಹೀಗಿತ್ತು: "ನಮ್ಮದು ಜೀರಿಗೆ ಬೆಡಗು. ತಮ್ಮದೂ ಅದೇ ಇರಬಹುದೆಂದು ಭಾವಿಸಲಾಗಿದೆ. ಸರಿ ಇದ್ದಲ್ಲಿ ತಿಳಿಸುವುದು."

ಹತ್ತು ನಿಮಿಷದಲ್ಲಿ ಉತ್ತರ ಬಂತು. "ಸರಿ ಇದೆ, ಅಣ್ಣ."

ಪ್ರಶ್ನೆಯಲ್ಲೇ ಉತ್ತರ ಕಟ್ಟಿಕೊಡುವ ಇಂಥ ಪರೀಕ್ಷೆಯಲ್ಲಿ ನಪಾಸಾಗುವುದಕ್ಕೆ ವಿಶೇಷ ಪ್ರಾಮಾಣಿಕತೆ ಬೇಕು. ದುರುಗೇಶನಲ್ಲಿ ಅದಿರಲಿಲ್ಲ.

ಚಿತ್ರಲಿಂಗಪ್ಪನವರ ಕಣ್ಣು ಒದ್ದೆಯಾಯಿತು. "ನೋಡಿದ್ರಾ, ಎಲ್ಲಿ ಮಸ್ಕತ್, ಎಲ್ಲಿ ಜೀರಿಗೆ!" ಎಂದರು. ದುಡ್ಡು ಕಟ್ಟುವುದಕ್ಕೆ ಆಷಾಢ ಅಡ್ಡಿಯೇ ಎಂದು ಮನೆಯಲ್ಲಿ ಕೇಳಲಾಯಿತು. "ದುಡ್ಡು ಬ್ಯಾಂಕಿನಾಗೆ ಹೋಗ್ತೈತೆ, ಹೊಸ್ತಿಲು ದಾಟಲ್ಲ" ಎಂದು ಕಾಟಮ್ಮ ತೀರ್ಪಿತ್ತಳು. ನಿವೃತ್ತಿಯ ಹೊತ್ತಿನಲ್ಲಿ ಕೈಗೆ ಬಂದಿದ್ದ ಹಣವೆಲ್ಲ ಅಲ್ಲಿಗೆ ಹೋಯಿತು. ಪಿಂಚಣಿ ಬರುವುದಿತ್ತು. ಆದರೆ ಆ ಕಾಗದದಲ್ಲಿ ಒಂದು ರುಜು ಕಡಿಮೆ ಎಂದು ಯಾರೋ ಗುಮಾಸ್ತ ವಾಪಸು ಕಳಿಸಿದ್ದ.

ಆಮೇಲೆ ಮೂರು ವಾರ ಪತ್ರಗಳು ಓಡಾಡಿದವು. ಚಿತ್ರಲಿಂಗಪ್ಪನವರು ಎಲ್ಲದರ ಪ್ರತಿ ತೆಗೆಸಿ, ದಾರ ಹಾಕಿ ಕಟ್ಟಿ, ಪುಟಸಂಖ್ಯೆ ನಮೂದಿಸಿ, "ದುರುಗೇಶ್ (ತಮ್ಮ)" ಎಂದು ಹೆಸರು ಬರೆದ ಕಡತ ಮಾಡಿದರು. "ಅಡ್ವಾನ್ಸ್ ಎಂದು ಭಾವಿಸಬೇಡ, ಅಣ್ಣ ಕೊಟ್ಟದ್ದು ಎಂದು ತಿಳಿ" ಎಂಬ ವಾಕ್ಯ ಹದಿನಾಲ್ಕನೇ ಪುಟದಲ್ಲಿದೆ. ಅದನ್ನು ಓದಿ ದುರುಗೇಶ್ ಹಾಗೆಯೇ ತಿಳಿದ.

ಬೀಗದ ಕೈ ಬರಬೇಕಾದ ಗುರುವಾರ ಬೀಗದ ಕೈ ಬರಲಿಲ್ಲ. ಪತ್ರ ಬಂತು. "ಅಣ್ಣ, ನನ್ನ ತಂದೆ ತೀರಿಕೊಂಡರು. ಬೀಗದ ಕೈ ಕಳಿಸುವುದು ಎರಡು ವಾರ ತಡವಾಗುತ್ತದೆ."

ದುರುಗೇಶ್ ಇದನ್ನು ಬರೀ ಒಂದು ಸಬೂಬು ಎಂದುಕೊಂಡಿದ್ದ. ನಮ್ಮ ಕಡೆಯವರ ಪರಿಚಯ ಅವನಿಗಿರಲಿಲ್ಲ.

"ಲೇ ಚಿತ್ರಾ, ಒಲೆ ಆರ್ಸು!" ಎಂದು ಕಾಟಮ್ಮ ನಡುಮನೆಯಿಂದ ಕೂಗಿದಳು. "ದಾಯಾದಿ ಸತ್ತವ್ನೆ. ಹನ್ನೊಂದು ದಿನ ಸೂತಕ. ಮಗ ಪರದೇಶದಾಗೆ ಅವ್ನೆ ಅಂದ್ರೆ ಹಿರೇಮಗನ ಜಾಗದಾಗೆ ನೀನೇಯ. ನಡಿ, ಮೀಸೆ ತೆಗ್ಸು."

"ಅಕ್ಕಾ, ಮೂವತ್ತು ವರ್ಷದ ಮೀಸೆ..."

"ಅಪ್ಪ ಹೆಚ್ಚೋ ಮೀಸೆ ಹೆಚ್ಚೋ?"

ಯಾರ ಅಪ್ಪ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕ್ಷೌರದವನು ಬಂದ. ಮೀಸೆ ಹೋಯಿತು. ಅಕ್ಕಪಕ್ಕದ ಕ್ವಾರ್ಟರ್ಸಿನವರು ಒಬ್ಬೊಬ್ಬರೇ ಬಂದು ಮುಖ ಸಣ್ಣ ಮಾಡಿ ಕುಳಿತರು. ಸತ್ತವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆದರೂ "ಒಳ್ಳೆ ಮನ್ಷ" ಎಂದು ಮೂವರು ಹೇಳಿದರು. "ಕೊನೆಗಾಲ್ದಾಗೆ ಜಾಸ್ತಿ ನರಳ್ಲಿಲ್ಲ, ಪುಣ್ಯವಂತ" ಎಂದು ಒಬ್ಬರು ಹೇಳಿದರು. ಸಾವಿನ ಮನೆಯಲ್ಲಿ ಆಡುವ ಮಾತಿಗೆ ಸತ್ತವನೇ ಬೇಕಾಗಿಲ್ಲವೆಂಬುದು ಅಂದು ಸ್ಪಷ್ಟವಾಯಿತು.

ನಿಜವಾದ ದುಃಖದಿಂದ ಬಂದವನು ಕೆಂಚಪ್ಪ ಒಬ್ಬನೇ.

"ಅಣ್ಣ, ಸೋಮವಾರ ನಮ್ದು ಹಾಲು..."

"ಸೂತಕದ ಮನೆಯಾಗೆ ಹಾಲು ಉಕ್ಕುಸ್ತೀಯೇನಪ್ಪ?" ಎಂದಳು ಕಾಟಮ್ಮ. "ಉಕ್ಸು. ನಿನ್ನ ಹೆಂಡ್ತಿಗೆ ಎಷ್ಟು ತಿಂಗ್ಳು?"

ಕೆಂಚಪ್ಪನ ಹೆಂಡತಿಗೆ ಏಳು ತಿಂಗಳು. ಅವನು ಗೇಣು ಮಡಚಿಕೊಂಡು ಹಿಂದಕ್ಕೆ ಹೋದ.

ಮೂರನೇ ದಿನ, ಶನಿವಾರ, ಮಾತಾಡಿಸಿಕೊಂಡು ಬರಲು ದುರ್ಗಕ್ಕೆ ಹೋಗಲೇಬೇಕೆಂದು ತೀರ್ಮಾನವಾಯಿತು. ಸಾವಿನ ಮನೆಗೆ ಹೋಗಲು ಆಷಾಢ ಅಡ್ಡಿಯಿಲ್ಲ. ತಿಳಿದಿದ್ದ ವಿಳಾಸವೂ ಆ ಪೋರ್ಟಿಕೋ ಮನೆಯದೊಂದೇ. ಹರಿಯಬ್ಬೆಯಿಂದ ನಾಲ್ಕು ಹೆಂಗಸರು ಬಂದರು. ಆ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲವೆಂದು ಅವರು ತಂದ ಒಂದು ಕೊಳಗ ಮುದ್ದೆ, ಒಂದು ಕ್ಯಾನು ಹುರುಳಿ ಸಾರು ಟೆಂಪೋಗೆ ಹತ್ತಿತು. ಚಿತ್ರಲಿಂಗಪ್ಪನವರು ಮುಂದಿನ ಸೀಟಿನಲ್ಲಿ ಕಡತ ತೊಡೆಯ ಮೇಲಿಟ್ಟುಕೊಂಡು, ಬೋಳು ತುಟಿಯನ್ನು ಮುಟ್ಟಿಕೊಳ್ಳುತ್ತ ಕುಳಿತರು.

ಮನೆ ಸಿಕ್ಕಿತು. ಅದೇ ಹಸಿರು ಗೋಡೆ, ಅದೇ ಪೋರ್ಟಿಕೋ. ಅವರು ಹೆಮ್ಮೆಯಿಂದ ಒಮ್ಮೆ ನೋಡಿದರು. ಅಷ್ಟರಲ್ಲಿ ಕಾಟಮ್ಮ ಮೂಗು ಎತ್ತಿದಳು.

"ಒಗ್ಗರಣೆ ವಾಸ್ನೆ! ಮೂರು ದಿನಕ್ಕೇ ಒಗ್ಗರಣೆ ಹಾಕ್ತಾ ಅವ್ರಲ್ಲೇ!"

ಬಾಗಿಲು ತೆರೆದವರು ಉಷಾರಾಣಿ. ಹೈಸ್ಕೂಲು ಟೀಚರು. ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದು ಅಡಿಗೆ ಮಾಡುತ್ತಿದ್ದರು. ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಕನಕಾಂಬರ, ಕೈಯಲ್ಲಿ ಸೌಟು. "ಯಾರು ಬೇಕಿತ್ತು?" ಎನ್ನುವುದರೊಳಗೆ ಐದು ಹೆಂಗಸರು ಒಟ್ಟಿಗೆ ಸ್ವರ ಎತ್ತಿದರು.

"ಅಯ್ಯೋ ಹೋದ್ಯಲ್ಲೋ ದೊಡ್ಡಪ್ಪಾ! ನಮ್ಮನ್ನ ಬಿಟ್ಟು ಹೋದ್ಯಲ್ಲೋ!"

"ಏನ್ರೀ ಇದು? ಯಾರು ನೀವು?"

"ಆಘಾತ ಪಾಪ, ಗುರುತು ಹತ್ತುವಲ್ದು" ಎಂದು ಕಾಟಮ್ಮ ಅವರನ್ನು ತಬ್ಬಿಕೊಂಡಳು. ಆಮೇಲೆ ಹಿಂದೆ ಸರಿದು ಮುಖ ನೋಡಿದಳು. "ಆದ್ರೂ ದೊಡ್ಡವ್ವ, ಗಂಡ ಹೋಗಿ ಮೂರು ದಿನ ಆಯ್ತು. ಇನ್ನೂ ಹೂವ ಮುಡ್ಕಂಡಿದೀಯಲ್ಲ? ಹಣೆ ಹಿಂಗ್ ಇಟ್ಕಂಡಿದೀಯಲ್ಲ? ನೋಡಿದೋರು ಏನಂತಾರೆ? ತೆಗೀ ತೆಗೀ, ನಾನೇ ತೆಗೀತೀನಿ."

ಈ ಕೆಲಸದಲ್ಲಿ ಕೈ ಪಳಗಿದವರು ಎಲ್ಲ ಊರಿನಲ್ಲೂ ಇರುತ್ತಾರೆ. ಗಂಡ ಸತ್ತಿದ್ದಾನೆಯೇ ಎಂದು ಅವರು ವಿಚಾರಿಸುವುದಿಲ್ಲ. ಎದುರಿಗೊಂದು ಹಣೆ ಇದ್ದರೆ ಸಾಕು. ಒಬ್ಬಳು ಹೂವಿಗೆ ಕೈ ಹಾಕಿದಳು. ಒಬ್ಬಳು ಬಳೆ ಹಿಡಿದಳು. ಕಾಟಮ್ಮ ಸೆರಗಿನ ತುದಿಯನ್ನು ಎಂಜಲಿನಲ್ಲಿ ಒದ್ದೆ ಮಾಡಿಕೊಂಡು ಹಣೆಯ ಕಡೆ ನಡೆದಳು. ಉಷಾರಾಣಿಯವರು ಮಕ್ಕಳಿಗೆ ಇಪ್ಪತ್ತು ವರ್ಷ ಗಣಿತ ಹೇಳಿದ ಗಂಟಲಿನಲ್ಲಿ ಕಿರುಚಿದರು.

"ರೀ! ಬೇಗ ಬರ್ರೀ!"

ಬಚ್ಚಲಿನಿಂದ ಒಬ್ಬ ಗಂಡಸು ಟವೆಲ್ಲು ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆಯ ಸಮೇತ ಓಡಿ ಬಂದ. ಉಷಾರಾಣಿಯ ಗಂಡ, ಸರ್ವೇ ಇಲಾಖೆಯ ಶ್ರೀನಿವಾಸ್. ಅಳು ಅರ್ಧಕ್ಕೆ ನಿಂತಿತು.

"ಯಾರಿಗೇನಾಗೈತೆ?" ಎಂದ ಶ್ರೀನಿವಾಸ್.

"ನೀವು ಸತ್ತಿದೀರಂತೆ" ಎಂದರು ಉಷಾರಾಣಿ, ಕೂದಲು ಸರಿಮಾಡಿಕೊಳ್ಳುತ್ತ.

ಚಿತ್ರಲಿಂಗಪ್ಪನವರು ಕಡತ ಬಿಚ್ಚಿ, ಒಂದನೇ ಪುಟದಲ್ಲಿದ್ದ ಫೋಟೋ ತೋರಿಸಿದರು. ಶ್ರೀನಿವಾಸ್ ಒದ್ದೆ ಬೆರಳಿನಿಂದ ಪುಟ ತಿರುಗಿಸಿದ.

"ಈ ಫೋಟೋ ನಾವು ಹೋದ ವರ್ಷ ಕಂಪ್ಯೂಟರಿನಾಗೆ ಹಾಕ್ಸಿದ್ದು. ಮಾರಾಣ ಅಂತ ಇದ್ವಿ, ಆಮೇಲೆ ಬ್ಯಾಡ ಅನ್ನಿಸ್ತು. ಯಾವನೋ ಕದ್ದು ತನ್ನ ಹೆಸ್ರಿನಾಗೆ ಹಾಕ್ಕಂಡವ್ನೆ. ಮನೆ ಬಾಡಿಗೆಗೂ ಇಲ್ಲ, ಮಾರಾಟಕ್ಕೂ ಇಲ್ಲ. ದುರುಗೇಶ್ ಅನ್ನೋನು ಯಾರೂ ಇಲ್ಲ. ಎಷ್ಟು ಕಟ್ಟಿದ್ರಿ?"

ಚಿತ್ರಲಿಂಗಪ್ಪನವರು ಹೇಳಿದರು. ಹೇಳುವಾಗ ಅವರು ಪೋರ್ಟಿಕೋದ ಕಂಬ ಹಿಡಿದುಕೊಂಡಿದ್ದರು. ಆ ಮನೆಯಲ್ಲಿ ಅವರಿಗೆ ದಕ್ಕಿದ್ದು ಅಷ್ಟೇ. ರಂಗಕ್ಕ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಲ್ಲಿಯವರೆಗೆ ಒಂದು ಹನಿ ಅಳದಿದ್ದವಳು ಈಗ ಅತ್ತಳು. ಉಳಿದ ಹೆಂಗಸರಿಗೆ ಇದು ಯಾವ ರಾಗದಲ್ಲಿ ಅಳುವ ವಿಷಯವೆಂದು ತಿಳಿಯಲಿಲ್ಲ.

ಉಷಾರಾಣಿಯವರು ಒಳಗೆ ಹೋಗಿ ಕುಂಕುಮ ಸರಿಯಾಗಿ ಇಟ್ಟುಕೊಂಡು ಬಂದು, "ಕುಂತ್ಕಳ್ರಿ, ಊಟ ಮಾಡ್ಕಂಡ್ ಹೋಗ್ರಿ" ಎಂದರು. "ಸೂತಕದೋರು ಬ್ಯಾರೆಯೋರ ಮನೆಯಾಗೆ ಉಣ್ಣಲ್ಲ" ಎಂದು ಕಾಟಮ್ಮ ನಿರಾಕರಿಸಿದಳು.

ಪೊಲೀಸು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಇಷ್ಟು ಅಚ್ಚುಕಟ್ಟಾದ ದಾಖಲೆ ತಂದ ಫಿರ್ಯಾದಿ ಆ ಠಾಣೆಗೆ ಅಪರೂಪ. ಚಿತ್ರಲಿಂಗಪ್ಪನವರಿಗೆ ಸ್ವಲ್ಪ ಭರವಸೆ ಬಂತು.

"ಈ ದುರುಗೇಶ್ ನಿಮಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಸಾರ್. ಮೋಸಗಾರ."

"ಪುಟ ಒಂಬತ್ತು: ಪ್ರೀತಿಯ ತಮ್ಮ ದುರುಗೇಶನಿಗೆ. ಪುಟ ಹನ್ನೊಂದು: ನಮ್ಮಿಬ್ಬರದು ಒಂದೇ ರಕ್ತ. ಪುಟ ಹದಿನಾಲ್ಕು: ಅಣ್ಣ ಕೊಟ್ಟದ್ದು ಎಂದು ತಿಳಿ. ನಿಮ್ಮ ರುಜುನೇ ಅಲ್ವಾ ಇದು?"

"ಹೌದು ಸಾರ್. ಪ್ರತಿ ಪುಟಕ್ಕೂ ಹಾಕೀನಿ."

"ಮೀಸೆ ಯಾವಾಗ ತೆಗ್ಸಿದ್ರಿ?"

"ಮೊನ್ನೆ ಸಾರ್."

"ಯಾಕೆ?"

ಚಿತ್ರಲಿಂಗಪ್ಪನವರ ಕೈ ತುಟಿಗೆ ಹೋಯಿತು. ಕಾಟಮ್ಮ ಮುಂದೆ ಬಂದಳು. "ಅವ್ರಪ್ಪ ಸತ್ತಿದ್ದಕ್ಕೆ ತೆಗ್ಸಿದಾನೆ ಸ್ವಾಮಿ! ಹಿರೇಮಗನ ಜಾಗದಾಗೆ!"

ಸಬ್ ಇನ್ಸ್‌ಪೆಕ್ಟರು ಕಡತ ಮುಚ್ಚಿದರು. "ನೋಡ್ರಿ ಯಜಮಾನ್ರೆ. ಅವ್ರಪ್ಪ ಸತ್ತದ್ದಕ್ಕೆ ನೀವು ಮೀಸೆ ಬೋಳ್ಸಿದೀರಿ. ಈಗ ಅವ್ನು ಯಾರೋ ಗೊತ್ತಿಲ್ಲ ಅಂತೀರಿ. ಇದು ಅಣ್ಣತಮ್ಮಂದಿರ ವ್ಯವಹಾರ. ಕೋರ್ಟಿಗೆ ಹೋಗ್ರಿ. ಇಲ್ಲ, ಹಿರೇರನ್ನ ಕೂರಿಸಿ ಪಂಚಾಯ್ತಿ ಮಾಡ್ಕಳ್ರಿ."

"ಸಾರ್, ಅವ್ನು ಮಸ್ಕತ್ತಿನಾಗೆ ಅವ್ನೆ ಅಂತಾನೆ."

"ಬಂದಾಗ ಕೂರಿಸ್ರಿ."

ಎಷ್ಟು ಬೇಡಿದರೂ ಅರ್ಜಿ ಇಸಿದುಕೊಂಡು ಅಡಿಯಲ್ಲಿ ಒಂದು ಮೊಹರು ಒತ್ತಿ ಕೊಟ್ಟರು, ಅಷ್ಟೇ. ಅದು ಎಡಕ್ಕೆ ವಾಲಿತ್ತು. ಆಕ್ಷೇಪಿಸುವ ಶಕ್ತಿ ಚಿತ್ರಲಿಂಗಪ್ಪನವರಲ್ಲಿ ಉಳಿದಿರಲಿಲ್ಲ. ಮುದ್ದೆಯನ್ನು ದಾರಿಯಲ್ಲಿ ಟೆಂಪೋ ನಿಲ್ಲಿಸಿ ತಾವೇ ಉಂಡರು.

ಸುದ್ದಿ ಅವರಿಗಿಂತ ಮೊದಲೇ ಮಾರಿಕಣಿವೆ ಮುಟ್ಟಿತ್ತು. ಟೆಂಪೋದಿಂದ ಇಳಿಯುವಾಗ ಗೇಟಿನಲ್ಲಿ ಕೆಂಚಪ್ಪ ನಿಂತಿದ್ದ. ಮುಖ ಹಬ್ಬದಂತಿತ್ತು.

"ಅಣ್ಣ, ಕೇಳಿ ಬಾಳ ಬೇಜಾರಾತು. ಹಂಗಾದ್ರೆ ಯಾರೂ ಸತ್ತಿಲ್ಲ. ಸೂತಕನೂ ಇಲ್ಲ. ಸೋಮವಾರ ಹಾಲು ಉಕ್ಕುಸ್ಲಾ?"

"ಯಾರೋ ಅಂದೋನು ಸೂತಕ ಇಲ್ಲ ಅಂತ?" ಎಂದು ಕಾಟಮ್ಮ ಟೆಂಪೋದ ಹಿಂದಿನಿಂದಲೇ ಶುರುಮಾಡಿದಳು. "ಸಾವು ಸುಳ್ಳಿರಬೋದು. ಸೂತಕ ನಾವು ಹಿಡ್ದೀವಿ. ಹಿಡಿದ ಸೂತಕ ಹನ್ನೊಂದು ದಿನ ಮುಗೀಬೇಕು. ನಡುವೆ ಬಿಟ್ರೆ ಆ ಮನೆಗೆ ಯಾರು ಮೊದ್ಲು ಕಾಲಿಡ್ತಾರೋ ಅವ್ರಿಗೆ ಸುತ್ಕಂತೈತೆ. ನಂಗೇನು, ಕರ್ಕಂಡ್ ಬಾ ನಿನ್ನ ಹೆಂಡ್ತೀನ."

ಕೆಂಚಪ್ಪ ಇಂಜಿನಿಯರ್ ಸಾಹೇಬರ ಹತ್ತಿರ ಹೋದ. ಸಾಹೇಬರು ಎಂ.ಟೆಕ್. ಓದಿದವರು, ಇದೆಲ್ಲ ಮೂಢನಂಬಿಕೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಕನ್ನಡದಲ್ಲಿ, "ಹನ್ನೊಂದು ದಿನ ತಾನೆ, ಇರ್ಲಿ ಬಿಡಪ್ಪ" ಎಂದರು.

ಮೊದಲ ಸೋಮವಾರ ಹೀಗೆ ಕಳೆಯಿತು. ಚಿತ್ರಲಿಂಗಪ್ಪನವರು ಮರುದಿನ ಹಿರಿಯೂರಿಗೆ ಹೋಗಿ, ಅನುಸೂಯಳ ಗೇಟಿನ ಹೊರಗೆ ಮತ್ತೆ ನಿಂತರು. ಈ ಸಲ ಸೂತಕದ ಕಾರಣದಿಂದ.

"ಮನೆ ಇನ್ನೂ ಐತೇನಮ್ಮ?"

"ಐತೆ. ಅಡ್ವಾನ್ಸ್ ಕೊಟ್ಟ ದಿನ ಬೀಗದ ಕೈ. ಕಾಗ್ದ ಎಲ್ಲ ಇವೆ, ನೋಡ್ತೀರಾ?"

"ನೋಡ್ತೀನಮ್ಮ" ಎಂದರು ಚಿತ್ರಲಿಂಗಪ್ಪನವರು. ಕಾಂಪೌಂಡಿನ ಮೇಲೆ ಹರಡಿಕೊಂಡು ಒಂದು ಗಂಟೆ ಓದಿದರು. ಎಲ್ಲವೂ ಸರಿಯಾಗಿತ್ತು. ಅಡ್ವಾನ್ಸಿಗೆ ದುಡ್ಡು ಮಾತ್ರ ಇರಲಿಲ್ಲ. ಪಿಂಚಣಿ ಕಚೇರಿಯಲ್ಲಿ ವಿಚಾರಿಸಿದರೆ ರುಜು ಬಿತ್ತು, ಈಗ ಮೊಹರು ಬಾಕಿ, ಇನ್ನೊಂದು ಹದಿನೈದು ದಿನ ಎಂದರು. ಸೂತಕ ಉಳಿದದ್ದು ಐದು ದಿನ. ಅನಂತರದ ಹತ್ತು ದಿನ ಎಲ್ಲಿ ಮಲಗುವುದು ಎಂದು ರಂಗಕ್ಕ ದಿನಾ ಕೇಳಿದಳು. ಅವರು ದಿನಾ ತುಟಿ ಮುಟ್ಟಿಕೊಂಡರು.

ಒಂಬತ್ತನೇ ದಿನ ಶಿವಯ್ಯನ ಅಂಗಡಿಯಿಂದ ಫೋನು ಬಂತು. ಹೋದರು. ಶಿವಯ್ಯ ಪರದೆಯನ್ನು ಅವರ ಕಡೆ ತಿರುಗಿಸಿದ.

"ಬರ್ದವ್ನೆ ಸಾರ್, ನಾಚಿಕೆಗೆಟ್ಟೋನು. ಅವ್ರಪ್ಪನ ಚಿಂತೆಯಾಗೆ ಅವ್ರವ್ವನೂ ನಿನ್ನೆ ತೀರಿಕೊಂಡ್ಳಂತೆ. ಖರ್ಚಿಗೆ ಅಂತ ಇನ್ನೊಂದು ಹತ್ತು ಸಾವಿರ ಕಳುಸ್ಬೇಕಂತೆ. ಬೈದು ಬರೀಲೇನ್ರಿ? ಒಳ್ಳೆ ಇಂಗ್ಲಿಷ್ ಬೈಗುಳ ಅವೆ ನನ್ನ ಹತ್ರ."

ಚಿತ್ರಲಿಂಗಪ್ಪನವರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚುತ್ತಿದ್ದರು. ನಿನ್ನೆಯಿಂದ ಇನ್ನೊಂದು ಸೂತಕ, ಹನ್ನೊಂದು ದಿನ. ಪಿಂಚಣಿ ಬರುವ ತನಕ ತಳ್ಳಲು ಎರಡೋ ಮೂರೋ ದಿನ ಕಡಿಮೆ ಬೀಳುತ್ತಿತ್ತು. ಮೊಹರು ಎಡಕ್ಕೆ ವಾಲಿದರೆ ಇನ್ನೂ ಹೆಚ್ಚು. ಅವರು ಬಂದು ಕುರ್ಚಿಯಲ್ಲಿ ನೇರವಾಗಿ ಕುಳಿತರು.

"ಬರ್ಕಳ್ರಿ, ಶಿವಯ್ಯನೋರೆ. ವಿಷಯ: ತಮ್ಮ ತಾಯಿಯವರ ಮರಣದ ಬಗ್ಗೆ. ಉಲ್ಲೇಖ: ತಮ್ಮ ಪತ್ರ, ಇವತ್ತಿನ ತಾರೀಖು. ಮೇಲ್ಕಂಡ ವಿಷಯ ತಿಳಿದು ದುಃಖವಾಯಿತು. ಹಣದ ಬಗ್ಗೆ ಪರಿಶೀಲಿಸಲಾಗುತ್ತಿದೆ."

"ಸಾರ್!"

"ಬರ್ಕಳ್ರಿ. ಸದರಿ ಕುಟುಂಬದಲ್ಲಿ ಇನ್ನೂ ಬದುಕಿರುವ ಹಿರಿಯರ ಹೆಸರು, ವಯಸ್ಸು ಮತ್ತು ಹಾಲಿ ಆರೋಗ್ಯ ಸ್ಥಿತಿಯನ್ನು ಪಟ್ಟಿ ಮಾಡಿ, ಮರುಟಪಾಲಿನಲ್ಲಿ ಕಳುಹಿಸಿಕೊಡಲು ಕೋರಿದೆ."